ಭಾನುವಾರದ ಚರ್ಚೆ: ವಿಷಯವೂ ಬದಲು, ಸಮಯವೂ ಬದಲು

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 10ಕ್ಕಲ್ಲ, 11ಕ್ಕೆ ಸೇರೋಣ. ಜಾಗ ಅದೇ, ಗ್ರಂಥಾಲಯದ ಮಹಡಿ. ವಿಷಯ ಬಿಲ್ ಗೇಟ್ಸ್: ವ್ಯಾಪಾರ, ಹೊಸ ಶೋಧ, ಸಂಪತ್ತು, ಜಗತ್ತಿನ ಆರೋಗ್ಯ ಕುರಿತು ಅವರ ನಿಲುವು.

ಬರುವ ಮುನ್ನ ಇಷ್ಟು ಗೊತ್ತಿದ್ದರೆ ಸಾಕು. ಬಡವರ ಕಾಯಿಲೆಗೆ ಮದ್ದು ಹುಡುಕಿದರೆ ಲಾಭವಿಲ್ಲ, ಹಾಗಾಗಿ ಮಾರುಕಟ್ಟೆ ಆ ಕಡೆ ತಲೆ ಹಾಕುವುದಿಲ್ಲ. ಅಲ್ಲಿ ದಾನದ ಹಣ, ಸರ್ಕಾರದ ಹಣ ಬೇಕು ಎಂಬುದು ಅವರ ವಾದ. ಬಡ ದೇಶಗಳ ಮಕ್ಕಳಿಗೆ ಲಸಿಕೆ ತಲುಪಿಸಲು 2000ದಲ್ಲಿ ಶುರುವಾದ ಗಾವಿ ಒಕ್ಕೂಟಕ್ಕೆ ಅವರ ಫೌಂಡೇಶನ್ ಆರಂಭದಲ್ಲೇ 75 ಕೋಟಿ ಡಾಲರ್ ಕೊಡಲು ಒಪ್ಪಿದ್ದು ಇದೇ ಲೆಕ್ಕದಲ್ಲಿ. ತಮ್ಮ ಆಸ್ತಿಯನ್ನು ಹೆಚ್ಚುಕಡಿಮೆ ಪೂರ್ತಿ ಕೊಟ್ಟು, 2045ರ ಡಿಸೆಂಬರ್ 31ಕ್ಕೆ ಫೌಂಡೇಶನ್ ಮುಚ್ಚುವುದಾಗಿ 2025ರ ಮೇನಲ್ಲಿ ಹೇಳಿದ್ದಾರೆ. ಆದರೆ ಇದೇ ಮನುಷ್ಯನ ಮೈಕ್ರೋಸಾಫ್ಟ್ ಮೇಲೆ 1998ರಲ್ಲಿ ಅಮೆರಿಕ ಸರ್ಕಾರ ಏಕಸ್ವಾಮ್ಯದ ಮೊಕದ್ದಮೆ ಹೂಡಿತ್ತು! ಹಾಗೆ ಗಳಿಸಿದ ಹಣ ಜಗತ್ತಿನ ಆರೋಗ್ಯದ ಆದ್ಯತೆಗಳನ್ನು ತೀರ್ಮಾನಿಸಬೇಕೇ? ನನ್ನ ಪ್ರಕಾರ ಚರ್ಚೆಯ ಜೀವಾಳ ಇದೇ.

ನಮ್ಮವರೇ ಆದ ಅಜೀಂ ಪ್ರೇಮ್‌ಜಿ 2013ರಲ್ಲಿ ಗಿವಿಂಗ್ ಪ್ಲೆಡ್ಜ್‌ಗೆ (ಆಸ್ತಿಯ ಬಹುಪಾಲನ್ನು ದಾನ ಮಾಡುವುದಾಗಿ ಸಿರಿವಂತರು ಕೊಡುವ ಮಾತು) ಸಹಿ ಹಾಕಿದ ಮೊದಲ ಭಾರತೀಯ. ಅವರ ದಾರಿಯನ್ನೂ ಹೋಲಿಸಿ ನೋಡಬಹುದು.

ಗುಂಪಿನಲ್ಲಿರುವ ಡಾಕ್ಟರುಗಳಲ್ಲಿ ಒಬ್ಬರು ಲಸಿಕೆ ಬಗ್ಗೆ, ಸ್ವಂತ ಉದ್ಯಮ ಇರುವವರೊಬ್ಬರು ಏಕಸ್ವಾಮ್ಯದ ಬಗ್ಗೆ ಹತ್ತು ನಿಮಿಷ ಮಾತಾಡಿದರೆ ಚೆನ್ನ. ಒಪ್ಪಿದವರು ಇವತ್ತೇ ತಿಳಿಸಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ, ತಿಂಡಿಗೆ ಹೇಳಬೇಕು. ಲಸಿಕೆಯಲ್ಲಿ ಚಿಪ್ ಇದೆ ಎನ್ನುವ ವಿಡಿಯೊಗಳನ್ನು ಮಾತ್ರ ದಯವಿಟ್ಟು ಫಾರ್ವರ್ಡ್ ಮಾಡಬೇಡಿ 🙏