ಕೆಂಚಿಯ ಬೆದೆ: ಚಿಕ್ಕಪ್ಪನವರಿಗೆ ಕಾಗದ

ಕಿಲ್ಡೇರ್, ಐರ್ಲೆಂಡ್

ತೀರ್ಥರೂಪ ಸಮಾನರಾದ ಚಿಕ್ಕಪ್ಪನವರಿಗೆ ನಮಸ್ಕಾರಗಳು.

ನಮ್ಮ ಎರಡು ವರ್ಷದ ಹೆಣ್ಣು ಕುದುರೆ ಕೆಂಚಿ ಹತ್ತು ದಿನದಿಂದ ಬೆದೆಯಲ್ಲೇ ಇದೆ, ಸೋಮವಾರ ಗಂಡು ಕುದುರೆಗೆ ಬಿಡುತ್ತೀರಿ ಅಂತ ಚಿಕ್ಕಮ್ಮ ಫೋನಿನಲ್ಲಿ ಹೇಳಿದರು. ದಯವಿಟ್ಟು ಈಗಲೇ ಬಿಡಬೇಡಿ. ಹೆಣ್ಣು ಮರಿ 12ರಿಂದ 24 ತಿಂಗಳೊಳಗೆ ಬೆದೆಗೆ ಬರುತ್ತದೆ ನಿಜ, ಆದರೆ ಎರಡು ವರ್ಷಕ್ಕೆ ಅದರ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ಮೂರು ತುಂಬಲಿ.

ಹತ್ತು ದಿನದ ಬೆದೆಯೇ ನನಗೆ ಅನುಮಾನ. ಸರಿಯಾದ ಬೆದೆ 5ರಿಂದ 7 ದಿನ, ಇಡೀ ಚಕ್ರ 21-22 ದಿನ. ಅಂಡಾಶಯದಲ್ಲಿ ಹಲವು ಕೋಶಕಗಳು, ಅಂದರೆ ಒಳಗೆ ಅಂಡ ಇರುವ ನೀರುಗುಳ್ಳೆಗಳು, ಒಟ್ಟಿಗೆ ಬೆಳೆಯಲು ಶುರುವಾಗುತ್ತವೆ. ಸುಲಿದ ಅಡಿಕೆಯಷ್ಟು, ಅಂದರೆ 22-23 ಮಿ.ಮೀ. ಆದಾಗ ಒಂದು ಮುಂದೆ ಹೋಗಿ ಉಳಿದವು ಕುಗ್ಗುತ್ತವೆ. ಮುಂದೆ ಹೋದದ್ದು ದಿನಕ್ಕೆ ಸುಮಾರು 3 ಮಿ.ಮೀ. ಹಿಗ್ಗಿ, 35-45ಕ್ಕೆ, ನಿಂಬೆಹಣ್ಣಿನ ಗಾತ್ರಕ್ಕೆ ಬಂದಾಗ ಒಡೆದು ಅಂಡ ಹೊರಬರುತ್ತದೆ. ಹಸುವಿನಲ್ಲಿ ಅಂಡಾಶಯದ ಮೇಲ್ಮೈಯಲ್ಲಿ ಎಲ್ಲಿ ಬೇಕಾದರೂ ಒಡೆಯುತ್ತದೆ. ಕುದುರೆಯಲ್ಲಿ ಮಾತ್ರ ಒಂದೇ ಕುಳಿಯಲ್ಲಿ. ಎಳೆ ಮರಿಯಲ್ಲಿ ಒಡೆಸುವ ಹಾರ್ಮೋನು ಸಾಲದಿದ್ದರೆ ಕೋಶಕ ಬೆಳೆದು ಒಡೆಯದೆ ಕುಗ್ಗುತ್ತದೆ, ಇನ್ನೊಂದು ಏಳುತ್ತದೆ. ಬೆದೆ ನಿಲ್ಲಿಸುವ ಪ್ರೊಜೆಸ್ಟರಾನ್ ಬರುವುದು ಒಡೆದ ಮೇಲೆಯೇ. ಹಾಗಾಗಿ ಬೆದೆ ಎಳೆಯುತ್ತದೆ, ಗಬ್ಬ ನಿಲ್ಲುವುದಿಲ್ಲ.

ಬೆದೆ ತರಿಸಲು ಪ್ರೊಸ್ಟಾಗ್ಲಾಂಡಿನ್ ಇಂಜೆಕ್ಷನ್ ಹಾಕಿಸೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಒಡೆದ ಕೋಶಕದ ಗಂಟು ಇದ್ದರಷ್ಟೇ ಅದು ಕೆಲಸ ಮಾಡುತ್ತದೆ, ಅದೂ ಒಡೆದು ಐದು ದಿನವಾದ ಮೇಲೆ. ಅತ್ತಿಗೆ ಬಸುರಿ, ಆ ಸೀಸೆ ಮುಟ್ಟಲೇಬಾರದು, ಔಷಧಿ ಚರ್ಮದಿಂದಲೇ ಒಳಗೆ ಹೋಗುತ್ತದೆ.

ಈಗ ಮಾಡಬೇಕಾದ್ದು ಕ್ಯಾಲೆಂಡರಿನಲ್ಲಿ ಗುರುತು. ಬಾಲ ಎತ್ತಿ, ಹಿಂಗಾಲು ಅಗಲಿಸಿ, ಸ್ವಲ್ಪ ಸ್ವಲ್ಪ ಉಚ್ಚೆ ಹೊಯ್ದು, ಯೋನಿ ಮಿಟುಕಿಸಿದರೆ ಬೆದೆ. ಬೇಲಿಯಾಚೆ ಗಂಡು ನಿಂತಾಗ ಕಿವಿ ಹಿಂದಕ್ಕೆ ಮಡಿಚಿ ಒದೆಯಲು ಬಂದರೆ ಬೆದೆ ಇಳಿದಿದೆ. ಶುರು ದಿನ, ಇಳಿದ ದಿನ ಎರಡೂ ಬರೆಯಿರಿ. 21-22 ದಿನದ ಅಂತರದಲ್ಲಿ ಎರಡು ಬೆದೆ ಬಂದರೆ ಚಕ್ರ ಕುದುರಿದೆ ಅಂತ ನಂಬಬಹುದು.

ಮೂರು ತುಂಬಿದ ಮೇಲೆ ಬಿಡುವಾಗ ಬೆದೆಯ ಮೂರನೇ ದಿನದಿಂದ ದಿನ ಬಿಟ್ಟು ದಿನ, ಅದು ಒಲ್ಲೆ ಅನ್ನುವವರೆಗೆ. ಅಂಡ ಹೊರಬರುವುದು ಬೆದೆ ಮುಗಿಯಲು 24-48 ತಾಸು ಇರುವಾಗ. ಅಂಡದ ಆಯಸ್ಸು ಅರ್ಧ ದಿನದಷ್ಟೇ, ಗಂಡಿನ ವೀರ್ಯ ಎರಡು ದಿನವಾದರೂ ಬದುಕಿರುತ್ತದೆ. ವೀರ್ಯವೇ ಮೊದಲು ಹೋಗಿ ಕಾಯಬೇಕು. ಅಂಡ ಹೊರಬಂದ 14-15ನೇ ದಿನ ದಾವಣಗೆರೆಯಿಂದ ಡಾಕ್ಟರನ್ನು ಕರೆಸಿ ಸ್ಕ್ಯಾನ್ ಮಾಡಿಸಿ. ಅವಳಿ ಕಂಡರೆ 16ನೇ ದಿನದೊಳಗೆ ಒಂದನ್ನು ತೆಗೆಸಬೇಕು, ಇಲ್ಲದಿದ್ದರೆ ಸಾಮಾನ್ಯವಾಗಿ ಎರಡೂ ಹೋಗುತ್ತವೆ.

ಇಲ್ಲಿ ಚಳಿಗಾಲದಲ್ಲಿ ಹಗಲು ಏಳೂವರೆ ತಾಸು, ಅದಕ್ಕೇ ಬೆದೆ ಬೇಗ ಬರಲೆಂದು ಡಿಸೆಂಬರ್ 1ರಿಂದ ಲಾಯದಲ್ಲಿ ದೀಪ ಹಾಕಿ ಬೆಳಕನ್ನು 16 ತಾಸಿಗೆ ಏರಿಸುತ್ತಾರೆ. ನಮ್ಮ ಚನ್ನಗಿರಿಯಲ್ಲಿ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಎರಡು ತಾಸೂ ವ್ಯತ್ಯಾಸವಿಲ್ಲ. ದೀಪ ಬೇಡ, ಮೇವು ನೋಡಿ: ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಕಾಣಬಾರದು.

ಗುರುತು ಹಾಕಿದ ಕ್ಯಾಲೆಂಡರಿನ ಫೋಟೋ ತಿಂಗಳಿಗೊಮ್ಮೆ ಕಳಿಸಿ.

ಇಂತಿ,
ನಿಮ್ಮ ಮಗ