ಸುರಂಗಗಳಿಗೂ ಒಂದು ಪಟ್ಟಿ ಬೇಕು: ಮಂಜೇಶ್ವರದ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಮುಂದಿನ ಅಧಿವೇಶನದಲ್ಲಿ ನೀವು ಒಂದು ವಿಷಯ ಎತ್ತಬೇಕು ಅಂತ ಕೇಳಿಕೊಳ್ಳಲು ಈ ಪತ್ರ. ರಸ್ತೆಯದ್ದಲ್ಲ, ಸೇತುವೆಯದ್ದೂ ಅಲ್ಲ. ನಮ್ಮ ಕಾಸರಗೋಡಿನ ಗುಡ್ಡೆಗಳ ಹೊಟ್ಟೆಯೊಳಗಿನ ನೀರಿನ ಸುರಂಗಗಳದ್ದು.

ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ಮತ ಕೇಳಲು ಬಂದಾಗ ಯಾರದೋ ಅಂಗಳದಲ್ಲಿ ನೀವು ಕುಡಿದ ನೀರು ಸುರಂಗದ್ದೇ ಇರಬಹುದು. ಪಂಪಿಲ್ಲ, ಕರೆಂಟಿಲ್ಲ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡೆಗೆ ಅಡ್ಡಡ್ಡ ಕೊರೆದ ದಾರಿ ಅದು. ಒಬ್ಬ ಆಳು ನುಗ್ಗುವಷ್ಟು ಅಗಲ, ತಲೆ ತಗ್ಗಿಸಿ ನಿಲ್ಲುವಷ್ಟು ಎತ್ತರ. ಒಳಗೆ ಹೋದಷ್ಟೂ ನೆಲ ಸ್ವಲ್ಪ ಏರುತ್ತದೆ, ಹಾಗಾಗಿ ಒಸರಿದ ನೀರು ತಾನಾಗಿಯೇ ಹೊರಗೆ ಹರಿಯುತ್ತದೆ. ಬಾಯಿಯ ಹತ್ತಿರ ಒಂದು ಮಣ್ಣಿನ ಟಾಂಕಿ. ಅಲ್ಲಿಂದ ಮನೆಗೆ, ತೋಟಕ್ಕೆ. ಹಿಂದೆ ನೀರು ಹರಿಯಲು ಅಡಿಕೆ ಮರ ಸೀಳಿ ಮಾಡಿದ ದಂಬೆ ಇಡುತ್ತಿದ್ದರು, ಈಗ ಪೈಪು.

ಅಗೆಯುವವರ ಕೆಲಸ ನೋಡಿದವರಿಗೇ ಗೊತ್ತು. ಮೇಣದಬತ್ತಿ ಹಚ್ಚಿಕೊಂಡು ಒಳಗೆ ಹೋಗುತ್ತಿದ್ದರು. ಬತ್ತಿ ಆರಿತೆಂದರೆ ಗಾಳಿ ಸಾಲದು, ಕೂಡಲೇ ಹೊರಗೆ ಬರಬೇಕು. ಉದ್ದ ಜಾಸ್ತಿಯಾದರೆ ಗುಡ್ಡೆಯ ಮೇಲಿನಿಂದ ಗಾಳಿಕಿಂಡಿ ತೋಡುತ್ತಿದ್ದರು. ಎಲ್ಲಿ ಕೊರೆದರೆ ನೀರು ಸಿಗುತ್ತದೆ ಅಂತ ಗಿಡಮರ ನೋಡಿ ಹೇಳುವ ಹಿರಿಯರಿದ್ದರು. ಈ ವಿದ್ಯೆ ಪರ್ಷಿಯಾದಿಂದ ಬಂತು ಎನ್ನುವವರಿದ್ದಾರೆ. ಇರಲಿ, ನನಗೆ ಅಲ್ಲಿ ಕುತೂಹಲ ಕಡಿಮೆ. ಎಲ್ಲಿಂದಲೇ ಬರಲಿ, ಇಲ್ಲಿ ಪಿಕ್ಕಾಸು ಹಿಡಿದವರು ನಮ್ಮವರೇ. ಕನ್ನಡ, ತುಳು, ಮಲಯಾಳ, ಮರಾಠಿ, ಎಲ್ಲ ಮಾತಿನವರೂ.

ಈಗ ಕಾನೂನಿನ ಕಡೆ ಬರೋಣ. ಬೇಕಲ ಕೋಟೆಗೆ ರಕ್ಷಣೆ ಇದೆ. ಕೇಂದ್ರದ 1958ರ ಪುರಾತನ ಸ್ಮಾರಕಗಳ ಕಾಯ್ದೆ ಇದೆ, 2010ರ ತಿದ್ದುಪಡಿ ಪ್ರಕಾರ ಸುತ್ತಲಿನ 100 ಮೀಟರ್ ಒಳಗೆ ಹೊಸ ಕಟ್ಟಡ ಏಳುವ ಹಾಗಿಲ್ಲ. ಕೇರಳಕ್ಕೆ 1968ರ ತನ್ನದೇ ಕಾಯ್ದೆಯೂ ಇದೆ. ಒಳ್ಳೆಯದೇ. ಆದರೆ ಈ ಕಾನೂನುಗಳೆಲ್ಲ ಕೋಟೆ, ಶಾಸನ, ಗುಡಿಗಳನ್ನು ಕಣ್ಣಮುಂದೆ ಇಟ್ಟುಕೊಂಡು ಬಂದವು. ಕೇಂದ್ರದ ಕಾಯ್ದೆಯಲ್ಲಿ ಸ್ಮಾರಕ ಅನ್ನಿಸಿಕೊಳ್ಳಲು ಕನಿಷ್ಠ 100 ವರ್ಷ ಆಗಿರಬೇಕು. ಅಜ್ಜ ಅಗೆದ ಸುರಂಗಕ್ಕೆ ದಾಖಲೆ ಎಲ್ಲಿಂದ ತರುವುದು?

ಹಾಗಂತ ಸುರಂಗವನ್ನೂ ಸಂರಕ್ಷಿತ ಸ್ಮಾರಕ ಮಾಡಿ ಅಂತ ನಾನು ಕೇಳುತ್ತಿಲ್ಲ. ದಯವಿಟ್ಟು ಅದು ಬೇಡ. ಪ್ರತಿ ವರ್ಷ ಹೂಳು ತೆಗೆಯಬೇಕಾದ ಜಾಗ ಅದು. ಅದಕ್ಕೂ ಇಲಾಖೆಯ ಅನುಮತಿಗೆ ಅಲೆಯಬೇಕಾದರೆ ಕೃಷಿಕ ಸುಮ್ನೆ ಮಣ್ಣು ಮುಚ್ಚಿ ಬೋರ್‌ವೆಲ್ ಕೊರೆಸುತ್ತಾನೆ. ತಪ್ಪು ಅವನದ್ದೂ ಅಲ್ಲ.

ದಾರಿ ನಮ್ಮ ರಾಜ್ಯದಲ್ಲೇ ಇದೆ. 2008ರ ಭತ್ತದ ಗದ್ದೆ ಮತ್ತು ತೇವಭೂಮಿ ಸಂರಕ್ಷಣಾ ಕಾಯ್ದೆ ನೋಡಿ. ಪಂಚಾಯತ್ ಮಟ್ಟದಲ್ಲಿ ಸಮಿತಿ, ಕೃಷಿ ಅಧಿಕಾರಿ ಅದರ ಸಂಚಾಲಕ, ಸರ್ವೆ ನಂಬರ್ ಸಹಿತ ಗದ್ದೆಗಳ ಡಾಟಾ ಬ್ಯಾಂಕ್. ಅದರಲ್ಲಿ ತಕರಾರು ಇಲ್ಲವೆಂದಲ್ಲ, ಕೃಷಿಭವನದ ಮುಂದೆ ನಿಂತವರಿಗೆ ಗೊತ್ತು. ಆದರೂ ಪಟ್ಟಿ ಅಂತ ಒಂದಿರುವುದರಿಂದಲೇ ಗದ್ದೆಗೆ ಮಣ್ಣು ಹಾಕುವಾಗ ಕೇಳುವವರು ಇದ್ದಾರೆ. ಸುರಂಗಕ್ಕೆ, ಮಳೆನೀರು ನಿಲ್ಲಿಸುವ ಕೆರೆಯಾದ ಮದಕಕ್ಕೆ ಅಂಥದ್ದೇ ಪಟ್ಟಿ ಆಗಲಿ. ಯಾರ ಜಾಗ, ಬಾಯಿ ಎಲ್ಲಿ, ಗುಡ್ಡೆಯೊಳಗೆ ಯಾವ ದಿಕ್ಕಿಗೆ ಹೋಗಿದೆ, ಬೇಸಿಗೆಯಲ್ಲಿ ನೀರಿದೆಯಾ, ಇಷ್ಟು ಸಾಕು.

ಈ ಪಟ್ಟಿಯ ನಿಜವಾದ ಉಪಯೋಗ ಇರುವುದು ಮುರಕಲ್ಲು ಕೋರೆಯ ವಿಷಯದಲ್ಲಿ. ಸುರಂಗ ಬದುಕುವುದು ಅದರ ಬಾಯಿಯಿಂದಲ್ಲ, ಮೇಲಿನ ಗುಡ್ಡೆಯಿಂದ. ನಮ್ಮಲ್ಲಿ ಮಳೆಗೆ ಬರವಿಲ್ಲ, ಆ ಮಳೆಯನ್ನು ಹಿಡಿದಿಟ್ಟು ಬೇಸಿಗೆಗೆ ಕೊಡುವುದು ಗುಡ್ಡೆ. ನೆತ್ತಿಯನ್ನು ಯಂತ್ರ ಇಟ್ಟು ಕೊಯ್ದು ಲಾರಿಗೆ ತುಂಬಿದರೆ ಕೆಳಗಿನ ಮನೆಯ ನೀರು ಹೋಯಿತು ಅಂತಲೇ ಲೆಕ್ಕ. ಕಲ್ಲು ತೆಗೆಯುವ ಜಾಗ ಒಬ್ಬರದ್ದು, ಸುರಂಗ ಇನ್ನೊಬ್ಬರದ್ದು. ಕೇಳುವುದು ಯಾರನ್ನು? ಕೋರೆಗೆ ಪರ್ಮಿಟ್ ಕೊಡುವ ಮೊದಲು ಗಣಿ ಮತ್ತು ಭೂವಿಜ್ಞಾನ ಇಲಾಖೆ ಈ ಪಟ್ಟಿ ನೋಡಲೇಬೇಕು ಅಂತ ಒಂದು ನಿಯಮ ಬರಲಿ. ನನ್ನ ಮುಖ್ಯ ಬೇಡಿಕೆ ಇದೇ.

ಇನ್ನು ಶಾಲೆ. ಪಠ್ಯಪುಸ್ತಕ ತಯಾರಾಗುವುದು ತಿರುವನಂತಪುರದಲ್ಲಿ. ಅಲ್ಲಿಂದ ಬಾಯಾರು ಪದವು ಕಾಣುವುದು ಕಷ್ಟ, ಒಪ್ಪೋಣ. ಆದರೆ ನಮ್ಮ ಜಿಲ್ಲೆಯ ಮಾಯಿಪ್ಪಾಡಿಯಲ್ಲೇ ಶಿಕ್ಷಕರ ತರಬೇತಿ ಸಂಸ್ಥೆ ಡಯಟ್ ಇದೆ ಅಲ್ವಾ? ಜಿಲ್ಲೆಯ ಕನ್ನಡ ಶಾಲೆಗಳಿಗೆ ಒಂದು ತೆಳ್ಳಗಿನ ಕೈಪಿಡಿ ಅಲ್ಲಿಂದ ಬರಬಹುದು. ಸುರಂಗದ ಜೊತೆ ಎಡನೀರು ಮಠದ ಮೊಕದ್ದಮೆಯೂ ಇರಲಿ ಅದರಲ್ಲಿ. ಮಠದ ಸ್ವಾಮೀಜಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ಕೇಶವಾನಂದ ಭಾರತಿ ಪ್ರಕರಣ, 13 ನ್ಯಾಯಾಧೀಶರು, 1973ರ ಏಪ್ರಿಲ್ 24ರ ತೀರ್ಪು. ಸಂವಿಧಾನದ ಮೂಲ ಚೌಕಟ್ಟನ್ನು ಸಂಸತ್ತೂ ಮುರಿಯುವಂತಿಲ್ಲ ಎಂದ ತೀರ್ಪು ಅದು. ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ ಓದುತ್ತಾರೆ. ಅದು ನಮ್ಮ ಚೆಂಗಳದ ಪಕ್ಕದ ಮಠದಿಂದ ಹೊರಟದ್ದು ಅಂತ ಇಲ್ಲಿನ ಮಕ್ಕಳಿಗೂ ತಿಳಿಯಲಿ. ಹೈಸ್ಕೂಲು ಮಕ್ಕಳೇ ತಮ್ಮ ವಾರ್ಡಿನ ಸುರಂಗಗಳನ್ನು ಗುರುತಿಸಬಹುದು. ಒಳಗೆ ಇಳಿಯುವುದು ಬೇಡ, ಹಿರಿಯರನ್ನು ಕೇಳಿ ಬರೆದುಕೊಂಡರೆ ಸಾಕು. ಅಗೆದು ಗೊತ್ತಿರುವವರು ಈಗ ವಯಸ್ಸಾದವರು.

ನಿಮ್ಮ ಕ್ಷೇತ್ರದ ಒಂದೇ ಪಂಚಾಯತಿನಲ್ಲಿ ಶುರು ಮಾಡಿ, ಪೈವಳಿಕೆಯೇ ಆಗಲಿ. ಸರ್ವೆ ನಡೆಯಬೇಕಾದದ್ದು ಏಪ್ರಿಲ್, ಮೇ ತಿಂಗಳಲ್ಲಿ. ಯಾವ ಸುರಂಗದಲ್ಲಿ ನೀರು ನಿಂತಿದೆ, ಯಾವುದು ಬತ್ತಿದೆ ಅಂತ ತಿಳಿಯುವುದು ಆಗಲೇ. ಮಳೆ ಹಿಡಿದ ಮೇಲೆ ಎಲ್ಲದರಲ್ಲೂ ನೀರು, ಒಳಗೆ ಮಣ್ಣು ಕುಸಿಯುವ ಭಯವೂ ಇದೆ. ಹಾಗಾಗಿ ಆದೇಶ ಮಾರ್ಚ್‌ನೊಳಗೆ ಬರುವಂತೆ ನೋಡಿಕೊಳ್ಳಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಅಡಿಕೆ ಕೃಷಿಕ