ಕನ್ನಡ ಆಯ್ದರೂ ಇಂಗ್ಲಿಷ್ ಮೆನು ಏಕೆ?

ಮಾನ್ಯರೇ,

ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯಲ್ಲಿ ಕನ್ನಡ ಆಯ್ದರೂ ಮೆನು ಇಂಗ್ಲಿಷಿನಲ್ಲೇ ಇದೆಯೆಂದು ಕೈಚೆಲ್ಲುವವರಿದ್ದಾರೆ. ಬಹುತೇಕ ಸಲ ಲೊಕೇಲ್ (ಭಾಷೆ, ಪ್ರದೇಶಕ್ಕೆ ತಕ್ಕ ಸೆಟ್ಟಿಂಗ್) ಸಿದ್ಧವಾಗಿರುವುದೇ ಇಲ್ಲ. ಡೆಬಿಯನ್ ಎಂಬ ಲಿನಕ್ಸ್ ಬಗೆಯಲ್ಲಾದರೆ, ಆದೇಶ ಟೈಪಿಸುವ ಕಿಟಕಿಯಾದ ಟರ್ಮಿನಲ್‌ನಲ್ಲಿ ‘ಸುಡೊ ಡಿಪಿಕೆಜಿ-ರೀಕಾನ್ಫಿಗರ್ ಲೊಕೇಲ್ಸ್’ ಆದೇಶ ಕೊಟ್ಟು, ‘ಕೆಎನ್_ಐಎನ್ ಯುಟಿಎಫ್-8’ (ಭಾರತದ ಕನ್ನಡ) ಸಾಲನ್ನು ಸ್ಪೇಸ್ ಕೀಲಿಯಿಂದ ಗುರುತಿಸಿ, ಮುಂದಿನ ಪರದೆಯಲ್ಲಿ ಅದನ್ನೇ ಡೀಫಾಲ್ಟ್ ಮಾಡಬೇಕು. ಲಾಗ್‌ಔಟ್ ಆಗಿ ಮತ್ತೆ ಒಳಬಂದ ಮೇಲಷ್ಟೇ ಬದಲಾವಣೆ ಕಾಣುವುದು. ಆಗಲೂ ಇಂಗ್ಲಿಷೇ ಇದ್ದರೆ ‘ಲೊಕೇಲ್’ ಎಂದು ಟೈಪಿಸಿ ನೋಡಿ: ಉಳಿದವನ್ನು ಮೀರುವ ‘ಎಲ್‌ಸಿ_ಆಲ್’ ಚರಾಂಶದ ಎದುರು ಬೇರೆ ಭಾಷೆ ಕೂತಿದ್ದರೆ, ಡೀಫಾಲ್ಟ್ ಭಾಷೆ ಹೇಳುವ ‘ಲ್ಯಾಂಗ್’ ಮಾತು ನಡೆಯದು. ‘ಲ್ಯಾಂಗ್ವೇಜ್’ ಎಂಬ ಇನ್ನೊಂದು ಚರಾಂಶವೂ ಹೀಗೇ ಕಾಡುತ್ತದೆ. ಲಿಬ್ರೆಆಫೀಸ್, ಫೈರ್‌ಫಾಕ್ಸ್‌ಗಳಿಗೆ ಕನ್ನಡ ಪ್ಯಾಕ್ ಪ್ರತ್ಯೇಕವಾಗಿ ಹಾಕಬೇಕು. ಅನುವಾದವಾಗದ ಸಾಲುಗಳು ಇಂಗ್ಲಿಷಿನಲ್ಲೇ ಉಳಿಯುತ್ತವೆ. ಅದು ಸೆಟ್ಟಿಂಗ್‌ನ ದೋಷವಲ್ಲ. ಶಾಲೆಗಳಿಗೆ ಲಿನಕ್ಸ್ ಕಂಪ್ಯೂಟರ್ ಕೊಡುವವರು ಇಷ್ಟನ್ನು ಮೊದಲೇ ಮಾಡಿ ಕೊಡಲಿ.

– ಓದುಗ